ಫುಲ್ ಮೂನ್ ಪಾರ್ಟಿಗೆ ನಾಲ್ವರು ಹೊರಟಿದ್ದೇವೆ, ರೂಮು ಎಲ್ಲಿ ಮಾಡೋದು?

ಬನಶಂಕರಿ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ, ಇಬ್ಬರು ಹುಡುಗಿಯರು, ಇಬ್ಬರು ಹುಡುಗರು, ಒಂದೇ ಆಫೀಸು. ಥಾಯ್ಲೆಂಡಿನ ಕೊ ಫಾಂಗಾನ್ ದ್ವೀಪದ ಬೀಚಿನಲ್ಲಿ ಹುಣ್ಣಿಮೆಗೆ ರಾತ್ರಿಯಿಡೀ ನಡೆಯುವ ಫುಲ್ ಮೂನ್ ಪಾರ್ಟಿಗೆ ಹೋಗುವುದು ಅಂತ ತೀರ್ಮಾನ ಆಗಿದೆ. ಈಗ ಜಗಳ ರೂಮಿನ ಮೇಲೆ. ಇಬ್ಬರು ಹೇಳುವುದು, ಪಕ್ಕದ ಸಮುಯಿ ದ್ವೀಪದಲ್ಲಿ ಒಳ್ಳೆ ರೆಸಾರ್ಟ್ ಮಾಡೋಣ, ಸಂಜೆ ಸ್ಪೀಡ್‌ಬೋಟಿನಲ್ಲಿ ಹೋಗಿ ಬೆಳಗಿನ ಜಾವ ವಾಪಸ್ ಬರೋಣ ಅಂತ. ಇನ್ನೊಬ್ಬ, ಸ್ಕೂಟರ್ ಬಾಡಿಗೆಗೆ ತಗೊಂಡರೆ ಎಲ್ಲಿದ್ದರೂ ನಡೆಯುತ್ತೆ ಅನ್ನುತ್ತಾನೆ. ನಾನು ಕುಡಿಯುವುದು ಕಡಿಮೆ. ಹಾಗಾಗಿ ಎಲ್ಲರನ್ನೂ ಎಣಿಸಿ ವಾಪಸ್ ಕರ್ಕೊಂಡು ಬರುವ ಕೆಲಸ ನನ್ನ ತಲೆಗೇ ಬರುತ್ತೆ ಅಂತ ಈಗಲೇ ಗೊತ್ತು. ಹೋಗಿ ಬಂದವರು ದಯವಿಟ್ಟು ಹೇಳಿ. "ಹೋಗಬೇಡ" ಅನ್ನುವ ಉತ್ತರ ಅಮ್ಮನಿಂದ ಆಗಲೇ ಸಿಕ್ಕಿದೆ, ಅದು ಬೇಡ.

ಸುಮ್ನಿರಪ್ಪ

ಗೋಕರ್ಣದಲ್ಲೂ ಹುಣ್ಣಿಮೆಗೆ ಅದೇ ಚಂದ್ರ ಬರ್ತಾನೆ. ಬಸ್ ಚಾರ್ಜಿನಲ್ಲಿ ಮುಗಿಯುತ್ತೆ.

ಒಂಟಿ ಪಯಣಿ

ಸುಮ್ನಿರಪ್ಪ ಅವರೇ, ಹೆಸರಿಗೆ ತಕ್ಕ ಹಾಗೆ ಇರಿ ಸ್ವಲ್ಪ.

ಬನಶಂಕರಿ, ನಾನು ಹೋಗಿದ್ದೆ. ನೇರವಾಗಿ ಹೇಳುತ್ತೇನೆ. ರೂಮು ಹಾಡ್ ರಿನ್‌ನಲ್ಲೇ ಮಾಡಿ. ಪಾರ್ಟಿ ನಡೆಯುವುದು ಅಲ್ಲೇ, ದ್ವೀಪದ ತೆಂಕಣ ತುದಿಯಲ್ಲಿ. ಅಲ್ಲಿ ಎರಡು ಬೀಚ್ ಇವೆ. ಹಾಡ್ ರಿನ್ ನೋಕ್ ಸೂರ್ಯ ಹುಟ್ಟುವ ಕಡೆ, ಪಾರ್ಟಿ ಅಲ್ಲಿ. ಹಾಡ್ ರಿನ್ ನಾಯ್ ಸೂರ್ಯ ಮುಳುಗುವ ಕಡೆ, ಅಲ್ಲಿ ಗಲಾಟೆ ಕಡಿಮೆ. ನಡುವೆ ಕೆಲವೇ ನಿಮಿಷದ ನಡಿಗೆ. ನಾಯ್ ಕಡೆ ರೂಮು ಮಾಡಿದರೆ ನಿದ್ದೆಯೂ ಬರುತ್ತೆ, ಯಾರಿಗಾದರೂ ಸುಸ್ತಾದರೆ ನಡೆಸಿಕೊಂಡೇ ಹೋಗಬಹುದು.

ಪಾರ್ಟಿಯಲ್ಲಿ ಏನಾಗುತ್ತೋ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಕೇಳಿದರೆ ನಿಜವಾದ ಅಪಾಯ ವಾಪಸ್ ಬರುವ ದಾರಿಯಲ್ಲಿದೆ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಚುರುಕಾಗಿರುತ್ತಾರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ನಾಲ್ಕು ಗಂಟೆಗೆ ಫೋನ್ ಚಾರ್ಜ್ ಮುಗಿದಿರುತ್ತೆ, ಒಬ್ಬ ಮರಳಲ್ಲಿ ಮಲಗಿರುತ್ತಾನೆ, ಇನ್ನೊಬ್ಬಳಿಗೆ ಒಂದು ಚಪ್ಪಲಿ ಸಿಗುತ್ತಿಲ್ಲ. ಆ ಹೊತ್ತಿನಲ್ಲಿ ದೋಣಿ ಹತ್ತುವುದೋ ಬೈಕ್ ಓಡಿಸುವುದೋ ಇಟ್ಟುಕೊಂಡರೆ ಕತೆ ಮುಗಿಯಿತು.

ಒಂದು ತೊಂದರೆ ಇದೆ. ಹುಣ್ಣಿಮೆ ಸುತ್ತಮುತ್ತ ಅಲ್ಲಿ ಎಷ್ಟೋ ಕಡೆ ಒಂದೇ ರಾತ್ರಿಗೆ ರೂಮು ಕೊಡುವುದಿಲ್ಲ. ಮೂರು ನಾಲ್ಕು ರಾತ್ರಿ ಕಡ್ಡಾಯ. ದರವೂ ಜಾಸ್ತಿ. ಆದರೂ ಕೊಡಿ.

ಪಂಚಾಂಗದ ಮಾವ

ಮಗಳೇ, ವಿಮಾನದ ಟಿಕೆಟ್ ತೆಗೆಯುವ ಮುಂಚೆ ಒಂದು ವಿಷಯ. ನಮ್ಮ ಒಂಟಿಕೊಪ್ಪಲ್ ಪಂಚಾಂಗ ನೋಡಿ ಹುಣ್ಣಿಮೆ ಲೆಕ್ಕ ಹಾಕಿಕೊಂಡು ಹೊರಟುಬಿಡಬೇಡ. ಅದು ಬೌದ್ಧರ ದೇಶ. ಮಾಖಾ ಬುಚಾ, ವಿಸಾಖಾ ಬುಚಾ, ಆಸಾಳ್ಹಾ ಬುಚಾ ಅಂತ ದೊಡ್ಡ ಹಬ್ಬಗಳು ಬರುವುದೇ ಹುಣ್ಣಿಮೆ ದಿನ. ಹೆಚ್ಚು ಕಡಿಮೆ ನಮ್ಮ ಮಾಘದ ಹುಣ್ಣಿಮೆ, ಬುದ್ಧ ಪೂರ್ಣಿಮೆ, ಗುರು ಪೂರ್ಣಿಮೆ. ಅಧಿಕ ಮಾಸ ಬಂದ ವರ್ಷ ಮಾತ್ರ ಲೆಕ್ಕ ತಪ್ಪಬಹುದು. ಅಂಥ ದಿನ ಪಾರ್ಟಿ ಇಡುವುದಿಲ್ಲ, ಒಂದು ದಿನ ಆಚೆ ಈಚೆ ಹಾಕುತ್ತಾರೆ. ಆ ತಿಂಗಳ ದಿನಾಂಕ ಯಾವುದು ಅಂತ ಉಳಿದುಕೊಳ್ಳುವ ಹೋಟೆಲಿನವರಿಗೇ ಒಂದು ಮೇಲ್ ಹಾಕಿ ಕೇಳು.

ನಾನೂ ನಮ್ಮ ಮನೆಯವರೂ ಬ್ಯಾಂಕಾಕ್‌ವರೆಗೆ ಹೋಗಿ ಬಂದವರು. ಈ ಪಾರ್ಟಿ ಗೀರ್ಟಿ ನಮಗೆ ಗೊತ್ತಿಲ್ಲ. ದಿನಾಂಕದ ವಿಷಯ ಮಾತ್ರ ಗ್ಯಾರಂಟಿ.

ಬನಶಂಕರಿ ಎರಡನೇ ಹಂತ

ಮಾವ, ಥ್ಯಾಂಕ್ಸ್. ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ರಾಜಾಜಿನಗರ ಆರನೇ ಬ್ಲಾಕ್

ಒಂಟಿ ಪಯಣಿ ಹೇಳಿದ್ದನ್ನು ಪೂರ್ತಿ ಒಪ್ಪುವುದಿಲ್ಲ. ಹಾಡ್ ರಿನ್ ಆ ಎರಡು ಮೂರು ದಿನ ಮನುಷ್ಯರು ಇರುವ ಹಾಗಿರುವುದಿಲ್ಲ. ಎಲ್ಲ ದುಬಾರಿ, ಎಲ್ಲ ಕಡೆ ಸದ್ದು. ದೊಡ್ಡ ದೋಣಿಗಳು ಬಂದು ನಿಲ್ಲುವ ಥಾಂಗ್ ಸಾಲಾದಲ್ಲೋ ಬಾನ್ ತಾಯ್‌ನಲ್ಲೋ ಇದ್ದರೆ ಊಟ ಚೆನ್ನಾಗಿರುತ್ತೆ, ಮಾರ್ಕೆಟ್ ಇದೆ, ಆಸ್ಪತ್ರೆಯೂ ಹತ್ತಿರ. ಪಾರ್ಟಿ ರಾತ್ರಿ ಸೊಂಗ್‌ಥೇವ್ ಬೆಳಗಿನವರೆಗೂ ಓಡುತ್ತವೆ. ಹಿಂದೆ ಎರಡು ಸಾಲು ಬೆಂಚು ಇರುವ ಪಿಕಪ್ ಗಾಡಿ, ತಲೆಗಿಷ್ಟು ಅಂತ ದುಡ್ಡು. ನಾವು ಹಾಗೇ ಮಾಡಿದ್ದು, ಏನೂ ಆಗಲಿಲ್ಲ.

ಒಂಟಿ ಪಯಣಿ

ಅದೂ ಆಗುತ್ತೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಳಗಿನ ಜಾವ ಗಾಡಿ ತುಂಬುವವರೆಗೆ ಹೊರಡುವುದಿಲ್ಲ. ವಾಂತಿ ಮಾಡುತ್ತಿರುವವನನ್ನು ಹತ್ತಿಸಿಕೊಳ್ಳುವುದಿಲ್ಲ. ನಾಲ್ಕೂ ಜನ ನಿಮ್ಮಂತೆ ಗಟ್ಟಿ ಇದ್ದರೆ ಸರಿ. ಬನಶಂಕರಿ ಗುಂಪಿನಲ್ಲಿ ಗಟ್ಟಿ ಇರುವುದು ಒಬ್ಬಳೇ ಅಂತ ಅವಳೇ ಹೇಳಿದ್ದಾಳಲ್ಲ.

ಸೊಂಗ್‌ಥೇವ್‌ನಲ್ಲೇ ಹೋಗುವುದಾದರೆ ಹೋಟೆಲ್ ಹೆಸರನ್ನು ಥಾಯ್ ಲಿಪಿಯಲ್ಲಿ ರಿಸೆಪ್ಷನ್‌ನವರ ಕೈಲಿ ಚೀಟಿಯಲ್ಲಿ ಬರೆಸಿಕೊಳ್ಳಿ. ನಾಲ್ವರ ಜೇಬಿನಲ್ಲೂ ಒಂದೊಂದು. ಫೋನ್ ಸತ್ತಾಗ ಆ ಚೀಟಿಯೇ ಗತಿ.

ಕುಂದಾಪ್ರದ ಮಾಣಿ

ಸಮುಯಿಯಿಂದ ಸ್ಪೀಡ್‌ಬೋಟ್ ಅನ್ನುವವರಿಗೆ ಒಂದು ಮಾತು ಮಾರಾಯ್ರೇ. 2005ರ ಜನವರಿಯಲ್ಲಿ ಇದೇ ಪಾರ್ಟಿ ಮುಗಿಸಿ ಸಮುಯಿಗೆ ಹೊರಟ ಸ್ಪೀಡ್‌ಬೋಟ್ ಮುಳುಗಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಕತ್ತಲು, ಜಾಸ್ತಿ ಜನ, ಕುಡಿದವರು. ಮೂರೂ ಒಟ್ಟಿಗೆ ಸೇರಿದರೆ ದೋಣಿಯವನು ಎಷ್ಟೇ ಪಳಗಿದವನಾದರೂ ಏನು ಮಾಡ್ತಾನೆ? ಹೋಗಲೇಬೇಕಾದರೆ ಲೈಫ್ ಜಾಕೆಟ್ ಕೈಗೆ ಬಂದ ಮೇಲೆ ಮಾತ್ರ ಕಾಲಿಡಿ. ಸೀಟಿನ ಕೆಳಗೆ ಇದೆ ಅಂದರೆ ಎಳೆದು ತೋರಿಸಲು ಹೇಳಿ. ಜನ ಜಾಸ್ತಿ ಅನ್ನಿಸಿದರೆ ಇಳಿದುಬಿಡಿ, ದುಡ್ಡು ಹೋಗಲಿ. ಬೆಳಕು ಹರಿದ ಮೇಲೆ ದೊಡ್ಡ ಫೆರಿ ಇರುತ್ತೆ, ಅದರಲ್ಲಿ ನಿದ್ದೆ ಮಾಡಿಕೊಂಡೇ ಬರಬಹುದು.

ಇನ್ನೊಂದು, ಕಡಲು. ನಾವು ಅರಬ್ಬಿ ಕಡಲಿನ ಲೆಕ್ಕದಲ್ಲಿ ಜೂನ್‌ನಿಂದ ಮಳೆಗಾಲ ಅಂತೇವೆ. ಫಾಂಗಾನ್ ಇರುವುದು ಥಾಯ್ಲೆಂಡ್ ಕೊಲ್ಲಿಯಲ್ಲಿ. ಅಲ್ಲಿ ಕಡಲು ಕೆರಳುವುದು ಅಕ್ಟೋಬರ್‌ನಿಂದ ಡಿಸೆಂಬರ್ ಸುಮಾರಿಗೆ, ಈಶಾನ್ಯ ಮಾರುತ ಬೀಸುವಾಗ. ನಮ್ಮ ದಸರಾ ರಜೆಗೆ, ಕ್ರಿಸ್ಮಸ್ ರಜೆಗೆ ಹೋಗುವವರು ಇದನ್ನು ನೆನಪಿಡಬೇಕು. ಪಾರ್ಟಿ ಬೀಚು ಮೂಡಣಕ್ಕೆ ಮುಖ ಮಾಡಿದೆ, ಗಾಳಿ ನೇರ ಅಲ್ಲಿಗೇ.

ಈಜು ಬರುತ್ತೆ ಅಂತ ರಾತ್ರಿ ನೀರಿಗೆ ಇಳಿಯಬೇಡಿ. ದಡದಿಂದ ಆಚೆ ಎಳೆದುಕೊಂಡು ಹೋಗುವ ಸೆಳೆತ ಇರುತ್ತೆ. ಹಗಲಿನಲ್ಲಿ ಗುರುತು ಹಿಡಿಯಬಹುದು: ಎರಡೂ ಕಡೆ ಅಲೆ ಒಡೆಯುತ್ತಾ, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅದೇ ಸೆಳೆತ. ಬಯಲುಸೀಮೆಯವರು ಅಲೆ ಇಲ್ಲ, ಒಳ್ಳೆ ಜಾಗ ಅಂತ ಸೀದಾ ಅಲ್ಲಿಗೇ ಇಳಿಯುವುದು! ರಾತ್ರಿ ಅದೂ ಕಾಣುವುದಿಲ್ಲ. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ಆಗದಿದ್ದರೆ ಸುಮ್ನೆ ತೇಲುತ್ತಾ ಕೈ ಎತ್ತಿ ಕೂಗಿ.

ಸುಮ್ನಿರಪ್ಪ

ಮಾಣಿ, ಹಾಗಾದರೆ ಗೋಕರ್ಣವೂ ಬೇಡ ಅನ್ನಿ.

ಕುಂದಾಪ್ರದ ಮಾಣಿ

ಕುಡಿದು ನೀರಿಗಿಳಿಯುವವರಿಗೆ ಸ್ಯಾಂಕಿ ಕೆರೆಯೂ ಬೇಡ.

ಒಂಟಿ ಪಯಣಿ

ನೀರಿನ ಮಾತು ಬಂತಲ್ಲ, ಮಧ್ಯರಾತ್ರಿ ಮೇಲೆ ನೀರಿನಂಚಿನಲ್ಲಿ ಸಾಲಾಗಿ ನಿಂತಿರುವವರು ಚಂದ್ರನನ್ನು ನೋಡುತ್ತಿರುವುದಲ್ಲ. ಟಾಯ್ಲೆಟ್‌ಗೆ ದುಡ್ಡು ಕೊಡಬೇಕಲ್ವಾ, ಅದಕ್ಕೆ. ಇದೊಂದು ಗೊತ್ತಾದರೆ ಸಾಕು, ಯಾರೂ ನೀರಿಗಿಳಿಯುವುದಿಲ್ಲ.

ಗೇರ್ ಬದಲು

ಸ್ಕೂಟರ್ ಅನ್ನುತ್ತಿರುವ ಗೆಳೆಯನಿಗೆ ಇದನ್ನು ಓದಿಸಿ. ಥಾಯ್ಲೆಂಡಿನಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದು. ಅದಕ್ಕೇ ನಮ್ಮವರಿಗೆ ಧೈರ್ಯ ಜಾಸ್ತಿ. ಹಾಡ್ ರಿನ್ ಹತ್ತಿರ ಬಂದ ಹಾಗೆ ರಸ್ತೆ ಗುಡ್ಡ ಹತ್ತಿ ಇಳಿಯುತ್ತೆ. ಕಡಿದಾದ ಏರು, ಅದರ ತುದಿಯಲ್ಲೇ ತಿರುವು, ಮೇಲೆ ಮರಳು. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಇಬ್ಬರು ಕೂತು ಬರೀ ಬ್ರೇಕ್ ಹಿಡಿದು ಇಳಿಯುವುದು ಹಗಲಲ್ಲೇ ಕಷ್ಟ. ಆ ದ್ವೀಪದಲ್ಲಿ ಮೊಣಕೈಗೆ, ಮೊಣಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಓಡಾಡುವ ಪ್ರವಾಸಿಗರು ಎಲ್ಲ ಕಡೆ ಸಿಗುತ್ತಾರೆ.

ಕಾಗದದ ವಿಷಯ. ನಮ್ಮ ಡಿಎಲ್ ಒಂದೇ ಸಾಲದು. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಬೇಕು. ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತೆ. ನಿಮ್ಮ ಡಿಎಲ್‌ನಲ್ಲಿ ಬರೀ ಕಾರು ಇದ್ದರೆ ಪರ್ಮಿಟ್‌ನಲ್ಲೂ ಬರೀ ಕಾರೇ. ಬೈಕಿಗೆ ಅದು ಲೆಕ್ಕಕ್ಕಿಲ್ಲ. ಲೈಸೆನ್ಸ್ ಸರಿ ಇಲ್ಲದೆ ಬಿದ್ದರೆ ಇನ್ಶೂರೆನ್ಸ್‌ನವರು ಕೈ ತೊಳೆದುಕೊಳ್ಳುತ್ತಾರೆ. ಕುಡಿದು ಬಿದ್ದರೂ ಅಷ್ಟೇ. ಪಾಲಿಸಿಯಲ್ಲಿ ಮದ್ಯದ ಬಗ್ಗೆ ಏನಿದೆ ಅಂತ ಹೊರಡುವ ಮುಂಚೆ ಓದಿ. ಅಲ್ಲಿ ಡ್ರಂಕ್ ಅಂಡ್ ಡ್ರೈವ್ ಮಿತಿ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ., ನಮ್ಮಲ್ಲಿ 30. ಮಿತಿ ಸಡಿಲ ಇದೆ ಅಂತ ಖುಷಿಪಡಬೇಡಿ, ಪಾರ್ಟಿ ಬಕೆಟ್ ಮುಂದೆ ಎರಡೂ ಒಂದೇ.

ಬಾಡಿಗೆ ಅಂಗಡಿಯವನು ಪಾಸ್‌ಪೋರ್ಟ್ ಅಡ ಇಡು ಅಂದರೆ ಕೊಡಬೇಡಿ. ಹಳೇ ಗೀರು ತೋರಿಸಿ ನೀನೇ ಮಾಡಿದ್ದು ಅಂದಾಗ ಪಾಸ್‌ಪೋರ್ಟ್ ಅವನ ಡ್ರಾಯರ್‌ನಲ್ಲಿದ್ದರೆ ನೀವು ಏನೂ ಮಾತಾಡಲಾಗುವುದಿಲ್ಲ.

ಎಚ್‌ಎಸ್‌ಆರ್‌ನವನು

ಬಕೆಟ್ ಅಂದರೆ ಏನು ಗುರು? ಬಿಯರ್ ಬಕೆಟ್ ಥರಾನಾ, ಐಸಿನಲ್ಲಿ ಐದು ಬಾಟಲಿ?

ಒಂಟಿ ಪಯಣಿ

ಅಲ್ಲ. ಮಕ್ಕಳು ಮರಳಲ್ಲಿ ಆಡುವ ಪುಟ್ಟ ಪ್ಲಾಸ್ಟಿಕ್ ಬಕೆಟ್, ಹಿಡಿ ಸಮೇತ. ಅಂಗಡಿ ಮುಂದೆ ಬಣ್ಣ ಬಣ್ಣದ ಬಕೆಟ್‌ಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಒಳಗೆ ಒಂದು ಚಿಕ್ಕ ಬಾಟಲಿ ಸಾಂಗ್‌ಸೊಮ್, ಒಂದು ಕೋಕ್, ಒಂದು ಕ್ರಾಟಿಂಗ್ ಡೇಂಗ್. ಸಾಂಗ್‌ಸೊಮ್ ಅಲ್ಲಿನ ರಮ್. ಕ್ರಾಟಿಂಗ್ ಡೇಂಗ್ ಅಂದರೆ ರೆಡ್ ಬುಲ್‌ನ ಮೂಲ ಥಾಯ್ ರೂಪ. ಮೇಲೆ ಐಸು, ನಾಲ್ಕು ಸ್ಟ್ರಾ.

ಲೆಕ್ಕ ಹಾಕಿ. ಚಿಕ್ಕ ಬಾಟಲಿ ಸುಮಾರು 300 ಮಿ.ಲೀ., ಮದ್ಯ ನೂರಕ್ಕೆ 40. ಅಂದರೆ 60ರ ಐದು ಪೆಗ್. ಒಂದು ಕ್ವಾರ್ಟರ್ 180 ಅಲ್ವಾ, ಅದು ಮುಗಿದು ಇನ್ನೊಂದರ ಅರ್ಧಕ್ಕಿಂತ ಜಾಸ್ತಿ. ಸಿಹಿಯಾಗಿರುತ್ತೆ, ತಣ್ಣಗಿರುತ್ತೆ, ಜ್ಯೂಸ್ ಕುಡಿದ ಹಾಗೆ ಇಳಿಯುತ್ತೆ. ಕೆಫೀನ್ ಇರುವುದರಿಂದ ಏರಿದ್ದೇ ಗೊತ್ತಾಗುವುದಿಲ್ಲ, ಕಾಲು ಮಾತ್ರ ತಪ್ಪುತ್ತೆ. ಹಂಚಿಕೊಂಡು ಕುಡಿದರೆ ಯಾರು ಎಷ್ಟು ಕುಡಿದರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಪರಿಚಯ ಇಲ್ಲದವರು "ಒಂದು ಸಿಪ್" ಅಂತ ಬಕೆಟ್ ಮುಂದೆ ಹಿಡಿದರೆ ನಕ್ಕು ಮುಂದೆ ಹೋಗಿ. ನಿಮ್ಮ ಬಕೆಟ್ ಕೆಳಗಿಟ್ಟು ಕುಣಿಯಲು ಹೋದಿರಾ, ಅದನ್ನು ಮರೆತುಬಿಡಿ, ಬೇರೆ ತಗೊಳ್ಳಿ. ಮತ್ತು ಬಿಯರ್ ಆದರೆ ಮುಚ್ಚಳ ನಿಮ್ಮ ಮುಂದೆ ತೆಗೆಸಬಹುದು, ಬಕೆಟ್‌ನಲ್ಲಿ ಆ ಸೌಕರ್ಯ ಇಲ್ಲ.

ರಾತ್ರಿಪಾಳಿ ಸಿಸ್ಟರ್

ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವವಳು ನಾನು. ಪಾರ್ಟಿ ನೋಡಿಲ್ಲ, ಪಾರ್ಟಿ ಮುಗಿಸಿ ಬಂದವರನ್ನು ನೋಡಿದ್ದೇನೆ.

ಮೊದಲು ಮೆಥನಾಲ್, ಕಲಬೆರಕೆ ಮದ್ಯದಲ್ಲಿರುವ ವಿಷ. 2024ರ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಕಲಬೆರಕೆ ಮದ್ಯ ಕುಡಿದು ಆರು ಪ್ರವಾಸಿಗರು ಸತ್ತರು. ಥಾಯ್ಲೆಂಡಿನ ಪಕ್ಕದ ದೇಶ ಅದು. ಬೆಂಗಳೂರಿನ ಹಳಬರಿಗೆ ಇದು ಹೊಸದಲ್ಲ, 1981ರ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಹೋದರು. ಮೆಥನಾಲ್ ಬೆರೆತಿದ್ದರೆ ರುಚಿಯಲ್ಲಿ, ವಾಸನೆಯಲ್ಲಿ ಗೊತ್ತಾಗುವುದಿಲ್ಲ. ತೊಂದರೆ ಕಾಣಿಸುವುದು ಹೆಚ್ಚಾಗಿ ಮಾರನೇ ದಿನ, ಹನ್ನೆರಡು ಗಂಟೆ ಕಳೆದ ಮೇಲೆ. ತಲೆನೋವು, ವಾಂತಿ, ಹೊಟ್ಟೆನೋವು. ಹ್ಯಾಂಗೋವರ್ ಅಂದುಕೊಂಡು ಮಲಗಿಬಿಡುತ್ತಾರೆ. ಕಣ್ಣು ಮಂಜಾದರೆ, ಬೆಳಕು ಚುಚ್ಚಿದರೆ, ಎಲ್ಲ ಬೆಳ್ಳಗೆ ಕಂಡರೆ, ಉಸಿರು ಜೋರಾದರೆ ಅದು ಹ್ಯಾಂಗೋವರ್ ಅಲ್ಲ. ಆ ಕ್ಷಣ ಆಸ್ಪತ್ರೆಗೆ, "ಮೆಥನಾಲ್ ಇರಬಹುದು" ಅಂತ ನೀವೇ ಹೇಳಿ. ಔಷಧಿ ಇದೆ, ಡಯಾಲಿಸಿಸ್ ಇದೆ. ತಡವಾದರೆ ಕಣ್ಣು ಹೋಗುತ್ತೆ, ಜೀವವೂ ಹೋಗುತ್ತೆ. ಬಾಟಲಿಯ ಸೀಲ್ ನಿಮ್ಮ ಮುಂದೆ ಒಡೆಯದ, ಫ್ರೀ ಶಾಟ್ ಅಂತ ಕೈಗೆ ತುರುಕುವ ಯಾವುದೂ ಬೇಡ.

ಎರಡನೆಯದು, ಕುಡಿದು ಮಲಗಿದವನನ್ನು "ಮಲಗಲಿ ಬಿಡು" ಅಂತ ಬಿಟ್ಟು ಹೋಗುವುದು. ಅಂಗಾತ ಮಲಗಿ ವಾಂತಿ ಮಾಡಿದರೆ ಅದು ಉಸಿರ್ನಾಳಕ್ಕೆ ಹೋಗುತ್ತೆ. ಪಕ್ಕಕ್ಕೆ ಹೊರಳಿಸಿ, ಮೇಲಿನ ಕಾಲು ಮಡಚಿ ಮುಂದಕ್ಕಿಡಿ, ಬಾಯಿ ನೆಲದ ಕಡೆ ಇರಲಿ. ಒಬ್ಬರು ಪಕ್ಕದಲ್ಲೇ ಕೂತಿರಿ. ಕೂಗಿದರೂ, ಚಿವುಟಿದರೂ ಏಳದಿದ್ದರೆ ಆಂಬ್ಯುಲೆನ್ಸ್, ನಂಬರ್ 1669. ಕಾಫಿ, ತಣ್ಣೀರು ಸ್ನಾನ, ಬೆರಳು ಹಾಕಿ ವಾಂತಿ, ಇವು ಯಾವುವೂ ಕೆಲಸಕ್ಕೆ ಬರುವುದಿಲ್ಲ.

ಮೂರನೆಯದು ಬೆಂಕಿ. ಆ ಬೀಚಿನಲ್ಲಿ ಉರಿಯುವ ಹಗ್ಗ ತಿರುಗಿಸಿ ಸ್ಕಿಪ್ಪಿಂಗ್ ಆಡಿಸುತ್ತಾರಂತೆ, ವಿಡಿಯೊ ನೋಡಿದೆ. ಎಣ್ಣೆಯಲ್ಲಿ ನೆನೆಸಿದ ಹಗ್ಗ ಕಾಲಿಗೆ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಚರ್ಮ ಹೋಗಿರುತ್ತೆ. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಿ. ಟೂತ್‌ಪೇಸ್ಟ್, ಇಂಕು, ದೋಸೆಹಿಟ್ಟು ಯಾವುದೂ ಬೇಡ. ಬೆಂಗಳೂರಿನಲ್ಲಿ ಇವತ್ತಿಗೂ ಪೇಸ್ಟ್ ಬಳಿದುಕೊಂಡೇ ಬರುತ್ತಾರೆ, ಅದನ್ನು ತೊಳೆಯುವಾಗ ಆಗುವ ನೋವು ನೋಡಲಾಗುವುದಿಲ್ಲ.

ಒಂಟಿ ಪಯಣಿ

ಸಿಸ್ಟರ್, ಆ ಹಗ್ಗದ ಸುತ್ತಲೇ ಜಾಸ್ತಿ ಜನ. ದೂರದಿಂದ ನೋಡಲು ಚಂದವೇ.

ಕಾಲಿನ ವಿಷಯ ನಾನು ಸೇರಿಸುತ್ತೇನೆ. ಹವಾಯಿ ಚಪ್ಪಲಿ ಬೇಡ. ಒದ್ದೆ ಮರಳು ಅದನ್ನು ಎಳೆದುಕೊಳ್ಳುತ್ತೆ, ಆಮೇಲೆ ಬರಿಗಾಲು. ಹನ್ನೊಂದರ ಹೊತ್ತಿಗೆ ಮರಳಿನಡಿ ಒಡೆದ ಬಾಟಲಿ ಚೂರು ಎಷ್ಟಿರುತ್ತೆ ಅಂತ ನಿಮಗೆ ಕಾಣುವುದಿಲ್ಲ. ಬೆಳಕಾದ ಮೇಲೆ ನೋಡಿದರೆ ಹಸಿರು, ಕಂದು ಚೂರು ಎಲ್ಲೆಲ್ಲೂ ಹೊಳೆಯುತ್ತವೆ. ಹಳೇ ಶೂ, ಲೇಸ್ ಇರುವಂಥದ್ದು, ಬಿಗಿಯಾಗಿ ಕಟ್ಟಿ. ವಾಪಸ್ ಬರುವಾಗ ಅಲ್ಲೇ ಬಿಸಾಕಿ ಬನ್ನಿ.

ಗೇರ್ ಬದಲು

ಜೆಲ್ಲಿಫಿಶ್ ಬಗ್ಗೆ ಯಾರೂ ಹೇಳಲಿಲ್ಲ?

ಕುಂದಾಪ್ರದ ಮಾಣಿ

ಹೌದು, ಮರೆತೆ. ಬಾಕ್ಸ್ ಜೆಲ್ಲಿಫಿಶ್ ಆ ಕೊಲ್ಲಿಯಲ್ಲಿದೆ, ಫಾಂಗಾನ್ ಮತ್ತು ಸಮುಯಿಯಲ್ಲಿ ಜನ ಸತ್ತಿದ್ದಾರೆ. ಎಷ್ಟೋ ಬೀಚ್‌ಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಸಿಕ್ಕಿಸಿಟ್ಟಿರುತ್ತಾರೆ, ಅಡುಗೆಗಲ್ಲ! ತಗುಲಿದ ಜಾಗಕ್ಕೆ ಕಡಿಮೆ ಅಂದರೆ ಅರ್ಧ ನಿಮಿಷ ವಿನೆಗರ್ ಸುರಿಯಬೇಕು. ಉಜ್ಜಬಾರದು, ಸಿಹಿನೀರು ಹಾಕಬಾರದು. ಮರಳು ತಿಕ್ಕಿದರೆ ಇನ್ನಷ್ಟು ವಿಷ ಬಿಡುತ್ತೆ. ರಾತ್ರಿ ನೀರು ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಕಾನೂನು ಕಟ್ಟೆ

ವಕೀಲ ನಾನು. ವೇಪ್, ಅಂದರೆ ಇ-ಸಿಗರೇಟ್ ಸೇದುವವರು ನಿಮ್ಮ ಗುಂಪಿನಲ್ಲಿದ್ದರೆ ಬೆಂಗಳೂರಿನಲ್ಲೇ ಬಿಟ್ಟು ಹೋಗಲಿ. ಥಾಯ್ಲೆಂಡಿನಲ್ಲಿ 2014ರಿಂದ ಅದನ್ನು ತರುವುದೇ ನಿಷೇಧ. (ನಮ್ಮಲ್ಲೂ 2019ರಿಂದ ಮಾರಾಟ ನಿಷೇಧ, ಬ್ರಿಗೇಡ್ ರೋಡ್ ನೋಡಿದರೆ ಹಾಗನ್ನಿಸುವುದಿಲ್ಲ, ಆ ಮಾತು ಬೇರೆ.)

ಗಾಂಜಾ ವಿಷಯದಲ್ಲಿ ಹಳೇ ವಿಡಿಯೊ ನೋಡಿ ಹೋಗಬೇಡಿ. 2022ರಲ್ಲಿ ಸಡಿಲ ಮಾಡಿದ್ದು ನಿಜ. 2025ರ ಜೂನ್‌ನಲ್ಲಿ ಮತ್ತೆ ಬಿಗಿ ಮಾಡಿ ವೈದ್ಯರ ಚೀಟಿ ಬೇಕು ಅಂತ ಮಾಡಿದ್ದಾರೆ. ಬೀಚಿನಲ್ಲಿ ಸಿಗುವ ಅಣಬೆ ಶೇಕ್, ಮಾತ್ರೆ, ಪುಡಿ ಇವೆಲ್ಲ ಅಲ್ಲಿ ಅಪರಾಧವೇ, ಬೋರ್ಡ್ ಹಾಕಿ ಮಾರಿದರೂ ಅಪರಾಧವೇ. ಜನರ ಮಧ್ಯೆ ಮಫ್ತಿ ಪೊಲೀಸರೂ ಇರುತ್ತಾರೆ. ಇನ್ನು ಅಲ್ಲಿ ಸಿಕ್ಕಿದ್ದನ್ನು ಇಲ್ಲಿಗೆ ತರುವ ಯೋಚನೆ ಕನಸಲ್ಲೂ ಬೇಡ. ಬ್ಯಾಂಕಾಕ್‌ನಿಂದ ಬಂದವರ ಬ್ಯಾಗಿನಲ್ಲಿ ಹೈಡ್ರೋಪೋನಿಕ್ ಗಾಂಜಾ ಹಿಡಿದ ಸುದ್ದಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎಷ್ಟು ಸಲ ಬಂದಿದೆ, ಓದಿದ್ದೀರಲ್ಲ. ಯಾರದೋ ಬ್ಯಾಗು, ಯಾರೋ ಕೊಟ್ಟ ಚಾಕೊಲೇಟ್ ಡಬ್ಬಿ ಯಾವುದೂ ನಿಮ್ಮ ಕೈಲಿ ಬರಬಾರದು.

ಮದ್ಯ ಕುಡಿಯಲು ಅಲ್ಲಿ ವಯಸ್ಸು 20 ಆಗಿರಬೇಕು. ಟೂರಿಸ್ಟ್ ಪೊಲೀಸ್ ನಂಬರ್ 1155, ಇಂಗ್ಲಿಷ್ ನಡೆಯುತ್ತೆ. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ರಿಪೋರ್ಟ್ ಮಾಡಿಸಿಕೊಂಡು ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿ. ಅದಕ್ಕೇ ಪಾಸ್‌ಪೋರ್ಟ್ ರೂಮಿನ ಲಾಕರ್‌ನಲ್ಲಿರಲಿ, ಜೇಬಿನಲ್ಲಿ ಜೆರಾಕ್ಸ್ ಸಾಕು.

ಬನಶಂಕರಿ ಎರಡನೇ ಹಂತ

ಎಲ್ಲವನ್ನೂ ಗುಂಪಿನಲ್ಲಿ ಓದಿ ಹೇಳಿದೆ. ಸ್ಪೀಡ್‌ಬೋಟ್ ಬಿಟ್ಟಾಯಿತು. ಸ್ಕೂಟರ್ ಸ್ವಾಮಿಯ ಡಿಎಲ್‌ನಲ್ಲಿ ಬರೀ ಕಾರು ಇದೆ ಅಂತ ಈಗ ಗೊತ್ತಾಯಿತು, ಅಲ್ಲಿಗೆ ಅದೂ ಮುಗಿಯಿತು. ಹಾಡ್ ರಿನ್ ನಾಯ್ ಕಡೆ ನಾಲ್ಕು ರಾತ್ರಿ ನೋಡುತ್ತಿದ್ದೇವೆ.

ಒಂದು ಪ್ರಶ್ನೆ ಉಳಿದಿದೆ. ಅಷ್ಟು ಜನರಲ್ಲಿ ತಪ್ಪಿಸಿಕೊಂಡರೆ ಸಿಗುವುದು ಹೇಗೆ? ಮತ್ತು ನಾನು ಒಬ್ಬಳೇ ರಾತ್ರಿ ಪೂರ್ತಿ ಕಾವಲು ಕೂರಬೇಕಾ?

ಒಂಟಿ ಪಯಣಿ

ಬೇಡ, ಅದು ಅನ್ಯಾಯ. ಪಾಳಿ ಹಾಕಿಕೊಳ್ಳಿ. ಒಂದೂವರೆವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಪಾಳಿಯಲ್ಲಿರುವವರು ಕುಡಿಯುವುದಿಲ್ಲ. ಹುಡುಗರಿಗೂ ಪಾಳಿ ಇರಲಿ, ಕಾಯುವುದು ಹುಡುಗಿಯರ ಕೆಲಸ ಅಂತ ಎಲ್ಲೂ ಬರೆದಿಲ್ಲ.

ಜನ ಅಂದರೆ ಬಸವನಗುಡಿ ಕಡಲೆಕಾಯಿ ಪರಿಷೆಯ ಸೋಮವಾರ ಸಂಜೆ ಥರ, ಜೊತೆಗೆ ಹತ್ತು ಕಡೆಯಿಂದ ಹತ್ತು ಹಾಡು. ಫೋನ್ ರಿಂಗ್ ಕೇಳುವುದಿಲ್ಲ, ನೆಟ್‌ವರ್ಕ್ ಕೂಡ ಕೈಕೊಡುತ್ತೆ. ಸಂಜೆ ಬೆಳಕಿರುವಾಗಲೇ ಬೀಚಿಗೆ ಹೋಗಿ ಒಂದು ಜಾಗ ಗೊತ್ತು ಮಾಡಿ. ಬೀಚಿನ ಮಧ್ಯದಲ್ಲಿ ಬೇಡ, ರೂಮಿಗೆ ಹೋಗುವ ಗಲ್ಲಿಯ ಬಾಯಲ್ಲಿರುವ ಯಾವುದಾದರೂ ಅಂಗಡಿ. ಗಂಟೆಗೊಮ್ಮೆ, ಗಂಟೆ ಹೊಡೆದಾಗ ಎಲ್ಲರೂ ಅಲ್ಲಿ. ಬರದವರನ್ನು ಹುಡುಕಲು ಇಬ್ಬರು ಹೋಗಲಿ, ಒಬ್ಬರು ಅಲ್ಲೇ ನಿಲ್ಲಲಿ.

ಹೊಸಬರ ಜೊತೆ ಯಾರಾದರೂ ಎದ್ದು ಹೋಗುವುದಾದರೆ ಹೇಳಿ ಹೋಗಬೇಕು, ಎಲ್ಲಿಗೆ ಅಂತಲೂ. ಬೇಡ ಅನ್ನುವ ಹಕ್ಕು ಗುಂಪಿಗಿಲ್ಲ, ತಿಳಿಯುವ ಹಕ್ಕಿದೆ. ರೂಮಿನ ಕೀ ಒಬ್ಬರ ಹತ್ತಿರವೇ ಇಟ್ಟರೆ ಮಿಕ್ಕವರು ಮೆಟ್ಟಿಲ ಮೇಲೆ ಮಲಗಬೇಕಾಗುತ್ತೆ, ಎರಡು ಕೀ ಕೇಳಿ.

ರಾಜಾಜಿನಗರ ಆರನೇ ಬ್ಲಾಕ್

ದುಡ್ಡಿನ ಬಗ್ಗೆ: ಯುಪಿಐ ನಂಬಿಕೊಂಡು ಹೋಗಬೇಡಿ. ಅಲ್ಲಿನ ಎಟಿಎಂ ನಮ್ಮ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗಿಂತ ಜಾಸ್ತಿ ಕತ್ತರಿಸುತ್ತೆ. ಒಂದೇ ಸಲ ದೊಡ್ಡ ಮೊತ್ತ ತೆಗೆದು ರೂಮಿನಲ್ಲಿಟ್ಟು, ಆ ರಾತ್ರಿಗೆ ಬೇಕಾದಷ್ಟು ಮಾತ್ರ ಜೇಬಿಗೆ. ಬೀಚಿಗೆ ಪ್ರವೇಶ ಶುಲ್ಕವೂ ಇದೆ, ಕೈಗೆ ಪಟ್ಟಿ ಕಟ್ಟುತ್ತಾರೆ. ಒಟಿಪಿ ಬರಬೇಕಾದರೆ ಇಲ್ಲಿನ ಸಿಮ್ ರೋಮಿಂಗ್‌ನಲ್ಲಿ ಇರಲೇಬೇಕು.

ಪಂಚಾಂಗದ ಮಾವ

ಅಮ್ಮನಿಗೆ ಬೆಳಿಗ್ಗೆ ರೂಮು ಸೇರಿದ ಕೂಡಲೇ ಒಂದು ಮೆಸೇಜ್ ಹಾಕು ಮಗಳೇ. ಅಲ್ಲಿ ಆರು ಗಂಟೆ ಅಂದರೆ ಇಲ್ಲಿ ನಾಲ್ಕೂವರೆ. ಅವರು ಮಲಗಿರುವುದಿಲ್ಲ.

ಎಚ್‌ಎಸ್‌ಆರ್‌ನವನು

ನಾವೂ ಹೊರಡುವ ಪ್ಲಾನ್ ಇದೆ. ಥಾಯ್ಲೆಂಡಿನಲ್ಲಿ ಇಳಿಯುವ ಮುಂಚೆ ತುಂಬಬೇಕಾದ ಆನ್‌ಲೈನ್ ಅರೈವಲ್ ಕಾರ್ಡ್‌ಗೆ ಒಂದು ಸೈಟ್ ದುಡ್ಡು ಕೇಳುತ್ತಿದೆ. ಕಟ್ಟಬೇಕಾ?

ಕಾನೂನು ಕಟ್ಟೆ

ಕಟ್ಟಬೇಡಿ, ಅದು ಬೇರೆ ಯಾರದೋ ಸೈಟ್. ಟಿಡಿಎಸಿ ಅನ್ನುವ ಆ ಕಾರ್ಡ್ 2025ರ ಮೇ 1ರಿಂದ ಕಡ್ಡಾಯ, ಆದರೆ ಉಚಿತ. ಥಾಯ್ ಇಮಿಗ್ರೇಷನ್‌ನವರ ಸೈಟ್‌ನಲ್ಲೇ ತುಂಬಿ, ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ. ವೀಸಾ ನಿಯಮ ಟಿಕೆಟ್ ತೆಗೆಯುವ ದಿನವೇ ಥಾಯ್ ರಾಯಭಾರ ಕಚೇರಿಯ ಪುಟದಲ್ಲಿ ನೋಡಿಕೊಳ್ಳಿ.

ಎಚ್‌ಎಸ್‌ಆರ್‌ನವನು

ಸರಿ ಸರ್. ಬನಶಂಕರಿ, ನೀವು ನೋಡುತ್ತಿರುವ ರೂಮಿನ ಲಿಂಕ್ ಮೆಸೇಜ್ ಮಾಡ್ತೀರಾ?